ಕೊಲಾಯ್ಡಲ್ ಸಿಲ್ವರ್ ನೀರಿನಲ್ಲಿ ಕರಗಿರುವ ಬೆಳ್ಳಿ ಯಾವುದು?

ಪ್ರಶ್ನೆ: ಅಪ್ಪಟ ಬೆಳ್ಳಿಯ ಎರಡು ತಂತಿಗಳನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಇಳಿಬಿಟ್ಟು, 9 ವೋಲ್ಟಿನ ಮೂರು ಬ್ಯಾಟರಿ ಜೋಡಿಸಿ ಮನೆಯಲ್ಲೇ ಕೊಲಾಯ್ಡಲ್ ಸಿಲ್ವರ್ (ಬೆಳ್ಳಿಯ ಸೂಕ್ಷ್ಮ ಕಣ ತೇಲುವ ನೀರು) ಮಾಡಿದ್ದೇನೆ. ನೀರು ತಿಳಿಯಾಗಿದೆ, ಬಣ್ಣವಿಲ್ಲ. ಒಬ್ಬ ಗೆಳೆಯ ಇದರಲ್ಲಿರುವುದು ಸಿಲ್ವರ್ ಹೈಡ್ರಾಕ್ಸೈಡ್ ಅನ್ನುತ್ತಾನೆ, ಇನ್ನೊಬ್ಬ ಸಿಲ್ವರ್ ಆಕ್ಸೈಡ್ ಅನ್ನುತ್ತಾನೆ, ಮೂರನೆಯವನು ಸಿಲ್ವರ್ ನೈಟ್ರೇಟ್ ಅಂತ ಹೆದರಿಸುತ್ತಾನೆ. ಮಾರಾಟದ ಬಾಟಲಿಗಳ ಮೇಲೆ ‘ಬರೀ ಬೆಳ್ಳಿ ಕಣ, ಯಾವ ಸಂಯುಕ್ತವೂ ಇಲ್ಲ’ ಅಂತ ಬರೆದಿರುತ್ತದೆ. ಚಿಟಿಕೆ ಉಪ್ಪು ಹಾಕಿದರೆ ಬಿಳಿ ಮೋಡ ಕಟ್ಟುತ್ತದೆ. ನಿಜಕ್ಕೂ ಇದರಲ್ಲಿ ಏನಿದೆ? ಕುಡಿಯಬಹುದೇ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ನೀರಿನಲ್ಲಿರುವ ಬೆಳ್ಳಿಯ ಬಹುಪಾಲು ಕಣವೂ ಅಲ್ಲ, ಹೈಡ್ರಾಕ್ಸೈಡೂ ಅಲ್ಲ, ಆಕ್ಸೈಡೂ ಅಲ್ಲ. ಅದು ಒಂಟಿ ಬೆಳ್ಳಿ ಅಯಾನು. ಅಂದರೆ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಪ್ಲಸ್ ಆದ ಬೆಳ್ಳಿಯ ಪರಮಾಣು, ಸುತ್ತ ನೀರಿನ ಅಣುಗಳನ್ನು ಹೊದ್ದುಕೊಂಡು ತನ್ನಷ್ಟಕ್ಕೆ ಓಡಾಡುತ್ತಿರುತ್ತದೆ. ಮೂವರು ಗೆಳೆಯರಲ್ಲಿ ಇಬ್ಬರು ಅರ್ಧ ಸರಿ, ಒಬ್ಬರು ನಿಮ್ಮ ವಿಷಯದಲ್ಲಿ ತಪ್ಪು. ಬಾಟಲಿಯ ಬರಹ ಮಾತ್ರ, ನೀರು ತಿಳಿಯಾಗಿದ್ದರೆ, ಸುಮ್ನೆ ಬರೆದದ್ದು.

‘ಯಾವ ಸಂಯುಕ್ತ ಕರಗಿದೆ’ ಅನ್ನುವ ಪ್ರಶ್ನೆಯಲ್ಲೇ ಒಂದು ಸಣ್ಣ ತೊಡಕಿದೆ. ಅಡುಗೆ ಉಪ್ಪು ನೀರಿನಲ್ಲಿ ಕರಗಿದ ಮೇಲೆ ಅಲ್ಲಿ ಸೋಡಿಯಂ ಕ್ಲೋರೈಡ್ ಅಂತ ಒಂದು ವಸ್ತು ಉಳಿದಿರುವುದಿಲ್ಲ ಅಲ್ವಾ? ಸೋಡಿಯಂ ಬೇರೆ, ಕ್ಲೋರೈಡ್ ಬೇರೆ. ಬೆಳ್ಳಿಯದೂ ಹಾಗೆಯೇ. ಕರಗಿರುವಷ್ಟು ಹೊತ್ತು ಅದಕ್ಕೆ ಸಂಯುಕ್ತದ ಹೆಸರಿಲ್ಲ. ನೀರಿನಿಂದ ಹೊರಬಿದ್ದು ಗಟ್ಟಿಯಾಗುವಾಗ ಯಾರ ಜೊತೆ ಬರುತ್ತದೋ ಅವರ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಕೇಳಬೇಕಾದದ್ದು ಇದು: ಈ ನೀರಿನಲ್ಲಿ ಬೆಳ್ಳಿಗೆ ಮೈನಸ್ ಜೊತೆಗಾರ ಯಾರು? ಪ್ಲಸ್ ಇದ್ದಷ್ಟೇ ಮೈನಸ್ ಇರಲೇಬೇಕು. ಬರೀ ಪ್ಲಸ್ ಬೆಳ್ಳಿ ತುಂಬಿದ ನೀರು ಅಂತ ಎಲ್ಲೂ ಇಲ್ಲ.

ಜೊತೆಗಾರ ಎಲ್ಲಿಂದ ಬಂದ ಅಂತ ನೋಡೋಣ. ಬ್ಯಾಟರಿಯ ಪ್ಲಸ್ ತುದಿಗೆ ಕಟ್ಟಿದ ತಂತಿ ಆನೋಡ್. ಅಲ್ಲಿ ಬೆಳ್ಳಿಯ ಪರಮಾಣು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ಮೈನಸ್ ತಂತಿಯಲ್ಲಿ, ಅಂದರೆ ಕ್ಯಾಥೋಡ್‌ನಲ್ಲಿ, ನೀರಿನ ಅಣುವೇ ಆ ಎಲೆಕ್ಟ್ರಾನ್ ತೆಗೆದುಕೊಂಡು ಒಡೆಯುತ್ತದೆ. ಹೈಡ್ರೋಜನ್ ಅನಿಲ ಗುಳ್ಳೆಯಾಗಿ ಮೇಲೆ ಹೋಗುತ್ತದೆ, ಹೈಡ್ರಾಕ್ಸೈಡ್ ಅಯಾನು ನೀರಿನಲ್ಲಿ ಉಳಿಯುತ್ತದೆ. ಒಂದು ಬೆಳ್ಳಿ ಅಯಾನಿಗೆ ಒಂದು ಹೈಡ್ರಾಕ್ಸೈಡ್, ಲೆಕ್ಕ ಚುಕ್ತಾ. ಹೊರಗಿನಿಂದ ಏನೂ ಹಾಕದಿದ್ದರೂ ಜೊತೆಗಾರ ನೀರಿನೊಳಗಿಂದಲೇ ಹುಟ್ಟಿದ.

ಎಷ್ಟು ಬೆಳ್ಳಿ ಇಳಿಯುತ್ತದೆ ಅನ್ನುವುದಕ್ಕೆ ಫ್ಯಾರಡೆಯ ಲೆಕ್ಕವಿದೆ. 1 ಮಿಲಿಆಂಪ್ ಕರೆಂಟು 1 ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಆನೋಡ್ ಬಿಡುತ್ತದೆ. 1 ಲೀಟರ್ ನೀರಾದರೆ 4 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ). ಇದು ಮೇಲ್ಮಿತಿ ಅಷ್ಟೇ. ಹೊರಟ ಬೆಳ್ಳಿಯಲ್ಲಿ ಒಂದಿಷ್ಟು ಕ್ಯಾಥೋಡ್ ತಲುಪಿ ಮತ್ತೆ ಲೋಹವಾಗಿ ಅಂಟಿಕೊಳ್ಳುತ್ತದೆ. ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ಸಿಕ್ಕಿದರೆ ಬಲು ಖುಷಿ, ಬಿಡುವುದೇ ಇಲ್ಲ. ಕ್ಯಾಥೋಡ್ ಮೇಲೆ ಬೂದು-ಕಪ್ಪು ಗಡ್ಡದ ಹಾಗೆ ಬೆಳೆಯುವುದು ಅದೇ. ಅದನ್ನು ಕೊಳೆ ಅಂತ ಒರೆಸಿ ಎಸೆಯುತ್ತಾರೆ, ಅದರಲ್ಲಿರುವುದು ಹೆಚ್ಚಾಗಿ ಪುಡಿಪುಡಿ ಬೆಳ್ಳಿ.

ಈಗ ಗೆಳೆಯರ ಜಗಳಕ್ಕೆ ಬರೋಣ. ಸಿಲ್ವರ್ ಹೈಡ್ರಾಕ್ಸೈಡ್ ಅನ್ನುವ ಗಟ್ಟಿ ವಸ್ತುವನ್ನು ಬಾಟಲಿಯಲ್ಲಿ ತುಂಬಿ ಕಪಾಟಿನಲ್ಲಿ ಇಡಲು ಆಗುವುದಿಲ್ಲ. ಬೆಳ್ಳಿಯೂ ಹೈಡ್ರಾಕ್ಸೈಡೂ ಕೂಡಿ ನೀರಿನಿಂದ ಹೊರಬಂದರೆ ಎರಡೆರಡು ಸೇರಿ ಒಂದು ನೀರಿನ ಅಣುವನ್ನು ಹೊರಹಾಕಿ ಸಿಲ್ವರ್ ಆಕ್ಸೈಡ್ ಆಗಿಬಿಡುತ್ತವೆ, ಕಂದು-ಕಪ್ಪು ಪುಡಿ. ಹಾಗಾದರೆ ಆಕ್ಸೈಡ್ ಅಂದವನೇ ಗೆದ್ದನೇ? ಅದೂ ಇಲ್ಲ. ಆಕ್ಸೈಡ್ ನೀರಿನಲ್ಲಿ ಆಕ್ಸೈಡ್ ಆಗಿಯೇ ಕರಗುವುದಿಲ್ಲ. ಕರಗಿದ ಕ್ಷಣ ಅದು ಬೆಳ್ಳಿ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು. ಇವೆರಡೂ ಜೋಡಿಯಾಗಿ ಒಂದೇ ಅಣುವಿನಂತೆ ತೇಲುವುದು ಉಂಟು, ಹೈಡ್ರಾಕ್ಸೈಡ್ ಪಕ್ಷದವರಿಗೆ ಅಷ್ಟು ಅಂಕ ಕೊಡಬೇಕು. ಆದರೆ ಎಷ್ಟು? ನಿಮ್ಮ ನೀರಿನಲ್ಲಿ 10 ಪಿಪಿಎಂ ಬೆಳ್ಳಿ ಇದ್ದು, ಗಾಳಿ ಸ್ವಲ್ಪವೂ ಸೇರಿಲ್ಲ ಅಂತಿಟ್ಟುಕೊಂಡರೆ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಅಂದರೆ ತಟಸ್ಥ) 10ರ ಹತ್ತಿರ ಇರುತ್ತದೆ. ಆಗಲೂ ನೂರು ಬೆಳ್ಳಿಯಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಜೋಡಿ ಕಟ್ಟಿರುತ್ತದೆ. ಉಳಿದ 99 ಒಂಟಿ.

ಗಾಳಿ ಸೇರದೆ ಇರುವುದುಂಟೇ? ಇಲ್ಲಿ ಹೆಚ್ಚಿನವರು ಮರೆಯುವ ಒಬ್ಬ ಅತಿಥಿ ಬರುತ್ತಾನೆ, ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್. ಅದು ನೀರಿಗೆ ಇಳಿದು ಹೈಡ್ರಾಕ್ಸೈಡನ್ನು ಹಿಡಿದು ಬೈಕಾರ್ಬೊನೇಟ್ ಮಾಡುತ್ತದೆ. ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಇಟ್ಟ ಮೇಲೆ ಪಿಎಚ್ 10ರಿಂದ 7ರ ಆಸುಪಾಸಿಗೆ ಇಳಿಯುತ್ತಾ ಬರುತ್ತದೆ. ಅಂದರೆ ನೀವು ಮಾಡಿದ ದಿನ ಬೆಳ್ಳಿಯ ಜೊತೆಗಾರ ಹೈಡ್ರಾಕ್ಸೈಡ್, ವಾರ ಕಳೆದ ಮೇಲೆ ಹೆಚ್ಚುಪಾಲು ಬೈಕಾರ್ಬೊನೇಟ್. ಬೆಳ್ಳಿ ಅದೇ, ಜೊತೆ ಬದಲಾಯಿತು. ಆಗ ನೀರನ್ನು ಆರಿಸಿ ಒಣಗಿಸಿದರೆ ತಳದಲ್ಲಿ ಸಿಲ್ವರ್ ಕಾರ್ಬೊನೇಟೂ ಆಕ್ಸೈಡೂ ಬೆರೆತ ಗಸಿ ಸಿಗುತ್ತದೆ. ಅದನ್ನು ನೋಡಿ ‘ನೋಡಿ, ಕಾರ್ಬೊನೇಟ್ ಕರಗಿತ್ತು’ ಅಂದರೆ ಏನು ಹೇಳುವುದು! ಒಣಗಿಸಿದಾಗ ಹುಟ್ಟಿದ್ದು ಅದು, ಮೊದಲೇ ಇದ್ದದ್ದಲ್ಲ.

ನೈಟ್ರೇಟ್ ಅಂದ ಗೆಳೆಯನ ಮಾತಿಗೆ ಆಧಾರವೇ ಇಲ್ಲ ಅನ್ನಲಾರೆ. ಕಿಡಿ ಹಾರಿಸಿ ಮಾಡುವ ಒಂದು ಹಳೆಯ ವಿಧಾನವಿದೆ. 1898ರಲ್ಲಿ ಗಿಯೋರ್ಗ್ ಬ್ರೆಡಿಗ್ ನೀರಿನೊಳಗೆ ಲೋಹದ ತಂತಿಗಳ ನಡುವೆ ಆರ್ಕ್ ಹೊತ್ತಿಸಿ ಲೋಹದ ಕಲಿಲಗಳನ್ನು (ಕೊಲಾಯ್ಡ್, ಅಂದರೆ ಕರಗದೆ ತೇಲುವ ಸೂಕ್ಷ್ಮ ಕಣಗಳ ನೀರು) ಮಾಡಿದ್ದ. ಈಗ ಕೆಲವರು ಸಾವಿರಾರು ವೋಲ್ಟ್ ಹಾಕಿ ನೀರಿನ ಮೇಲ್ಮೈ ಹತ್ತಿರ, ಗಾಳಿಯಲ್ಲೇ ಕಿಡಿ ಹಾರಿಸುತ್ತಾರೆ. ಗಾಳಿಯಲ್ಲಿ ಕಿಡಿ ಹಾರಿದರೆ ನೈಟ್ರೋಜನ್ ಉರಿದು ಅದರ ಆಕ್ಸೈಡುಗಳು ಹುಟ್ಟಿ, ನೀರಿಗಿಳಿದು ನೈಟ್ರಿಕ್ ಆಮ್ಲವಾಗುತ್ತವೆ. ಅಲ್ಲಿ ಜೊತೆಗಾರ ನೈಟ್ರೇಟೇ. ನಿಮ್ಮ 27 ವೋಲ್ಟಿಗೆ ಆ ತಾಕತ್ತಿಲ್ಲ, ಚಿಂತೆ ಬಿಡಿ.

ಇನ್ನು, ಮಿತಿಯ ವಿಷಯ. ಇದು ನನಗೆ ತುಂಬ ಇಷ್ಟದ ಭಾಗ, ಯಾಕೆಂದರೆ ಜಾಹೀರಾತಿನ ದೊಡ್ಡ ದೊಡ್ಡ ಪಿಪಿಎಂ ಸಂಖ್ಯೆಗಳು ಇಲ್ಲಿ ಬಂದು ಎಡವುತ್ತವೆ. ಬೆಳ್ಳಿಯ ಲವಣಗಳು ಕರಗುವ ಪ್ರಮಾಣದಲ್ಲಿ ಅಜಗಜಾಂತರವಿದೆ. ಸಿಲ್ವರ್ ನೈಟ್ರೇಟ್ ಲೀಟರಿಗೆ ಎರಡು ಕಿಲೋಗೂ ಜಾಸ್ತಿ ಕರಗುತ್ತದೆ, ಸಿಲ್ವರ್ ಅಸಿಟೇಟ್ ಸುಮಾರು 10 ಗ್ರಾಂ. ಸಿಲ್ವರ್ ಆಕ್ಸೈಡ್? ಕೋಣೆಯ ಶಾಖದಲ್ಲಿ ಲೀಟರಿಗೆ ಹತ್ತಿಪ್ಪತ್ತು ಮಿಲಿಗ್ರಾಂ, ಅಷ್ಟೇ. ಬಿಸಿ ಮಾಡಿದರೆ ಇನ್ನೊಂದಿಷ್ಟು. ಕ್ಲೋರೈಡ್ ಅದಕ್ಕಿಂತಲೂ ಜಿಪುಣ, 2 ಮಿಲಿಗ್ರಾಮಿಗೂ ಕಡಿಮೆ. ಬ್ರೋಮೈಡ್, ಅಯೋಡೈಡ್ ಇನ್ನೂ ಕೆಳಗೆ. ಸಲ್ಫೈಡಂತೂ ಕರಗುವುದೇ ಇಲ್ಲ ಅಂದರೂ ನಡೆದೀತು.

ಹಾಗಾಗಿ ಬರೀ ನೀರು, ಬರೀ ಬೆಳ್ಳಿ ಇಟ್ಟುಕೊಂಡು 10-15 ಪಿಪಿಎಂ ದಾಟುವ ಹೊತ್ತಿಗೆ ನೀರು ‘ಸಾಕು’ ಅನ್ನತೊಡಗುತ್ತದೆ. ಗಾಳಿ ಸೇರಿ ಹೈಡ್ರಾಕ್ಸೈಡ್ ಕಡಿಮೆಯಾದರೆ ಇನ್ನೂ ಸ್ವಲ್ಪ ಹಿಡಿಯಬಹುದು. ಅದಕ್ಕಿಂತ ಹೆಚ್ಚು ತುರುಕಿದರೆ ಆಕ್ಸೈಡ್ ಕಂದು ಮಸಿಯಾಗಿ ಬೀಳುತ್ತದೆ. ಅದು ಮೊದಲು ಕಾಣುವುದು ತಂತಿಯ ಮೈಮೇಲೆ, ಯಾಕೆಂದರೆ ಬೆಳ್ಳಿ ಅತಿ ದಟ್ಟವಾಗಿರುವುದು ಅಲ್ಲಿಯೇ. ಯಾರಾದರೂ 500 ಪಿಪಿಎಂ ಅಂತ ಬರೆದ ತಿಳಿನೀರು ತೋರಿಸಿದರೆ ಮೂರೇ ದಾರಿ: ಸಂಖ್ಯೆ ಸುಳ್ಳು, ಅಥವಾ ಒಳಗೆ ಸಿಟ್ರೇಟೋ ನೈಟ್ರೇಟೋ ಬೇರೆ ಜೊತೆಗಾರ ಇದ್ದಾನೆ, ಅಥವಾ ಅಮೋನಿಯಾದಂಥ ಏನೋ ಬೆಳ್ಳಿಯನ್ನು ಕಟ್ಟಿಹಾಕಿಕೊಂಡಿದೆ. ಪ್ರೋಟೀನಿಗೆ ಅಂಟಿಸಿದ ಬೆಳ್ಳಿಯಾದರೆ ನೀರು ತಿಳಿಯಾಗಿರುವುದಿಲ್ಲ, ಕಂದಾಗಿರುತ್ತದೆ. 1902ರಲ್ಲಿ ಆಲ್ಬರ್ಟ್ ಬಾರ್ನ್ಸ್ ಮತ್ತು ಹರ್ಮನ್ ಹಿಲ್ಲೆ ಮಾರುಕಟ್ಟೆಗೆ ತಂದ ಆರ್ಜಿರಾಲ್ ಎಂಬ ಔಷಧಿ ಇದೇ ಜಾತಿಯದು.

ನಿಮ್ಮ ಉಪ್ಪಿನ ಪ್ರಯೋಗ ಚೆನ್ನಾಗಿದೆ. ಆ ಬಿಳಿ ಮೋಡ ಸಿಲ್ವರ್ ಕ್ಲೋರೈಡ್. ಹಳೆಯ ಜೊತೆಗಾರನನ್ನು ಬಿಟ್ಟು ಬೆಳ್ಳಿ ಕ್ಲೋರೈಡಿನ ಕೈಹಿಡಿಯಿತು, ಆ ಜೋಡಿ ಕರಗುವುದಿಲ್ಲ, ಹೊರಬಿತ್ತು. ನಿಮ್ಮ ಬೆಳ್ಳಿ ಅಯಾನು ರೂಪದಲ್ಲಿತ್ತು ಅನ್ನುವುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಬೇಡ. ಲೋಹದ ಕಣಗಳೇ ಇದ್ದಿದ್ದರೆ ಉಪ್ಪು ಹಾಕಿದಾಗ ಬೇರೆಯೇ ಆಗುತ್ತಿತ್ತು: ಹಳದಿ ಬಣ್ಣ ಮಾಸಿ, ಕಣಗಳು ಒಂದಕ್ಕೊಂದು ಅಂಟಿ ಗುಂಪಾಗಿ, ನೀರು ಬೂದಾಗುತ್ತಿತ್ತು. ಆ ಬಿಳಿ ಮೋಡವನ್ನು ಬಿಸಿಲಿಗೆ ಇಟ್ಟು ನೋಡಿ. ನೇರಳೆ-ಬೂದು ಬಣ್ಣಕ್ಕೆ ತಿರುಗುತ್ತದೆ. ಬೆಳಕು ಕ್ಲೋರೈಡನ್ನು ಒಡೆದು ಲೋಹದ ಬೆಳ್ಳಿ ಮಾಡುತ್ತಿದೆ, ಹಳೆಯ ಫೋಟೊ ಕಾಗದ ಕೆಲಸ ಮಾಡುತ್ತಿದ್ದದ್ದು ಹೀಗೆ.

ನಾನೂ ಒಮ್ಮೆ ಈ ಮೋಡಕ್ಕೆ ಮೋಸ ಹೋಗಿದ್ದೇನೆ. ಹೊಸದರಲ್ಲಿ ಬೀಕರನ್ನು ನಲ್ಲಿ ನೀರಿನಲ್ಲಿ ತೊಳೆದು, ಸರಿಯಾಗಿ ಜಾಲಾಡಿಸದೆ ಬೆಳ್ಳಿ ನೀರು ಸುರಿದೆ. ಲೇಸರ್ ಪಾಯಿಂಟರ್ ಹಿಡಿದರೆ ಕಿರಣದ ದಾರಿ ಅಂದವಾಗಿ ಹೊಳೆಯಿತು. ಕಲಿಲ ಸಿಕ್ಕಿತು ಅಂತ ಕುಣಿದಾಡಿದೆ. ಹೊಳೆದದ್ದು ನಲ್ಲಿ ನೀರಿನ ಕ್ಲೋರೈಡು ಕಟ್ಟಿದ ಸಿಲ್ವರ್ ಕ್ಲೋರೈಡ್ ಪುಡಿ! ಲೇಸರ್ ಬೆಳಕನ್ನು ಚೆದುರಿಸುವುದು ಕಣ, ಅದು ಬೆಳ್ಳಿಯದೋ ಕ್ಲೋರೈಡಿನದೋ ಆಕ್ಸೈಡಿನದೋ ಧೂಳಿನದೋ ಅಂತ ಬೆಳಕು ಹೇಳುವುದಿಲ್ಲ. ಈ ಟಿಂಡಲ್ ಪರೀಕ್ಷೆಯನ್ನು ‘ಶುದ್ಧತೆಯ ಪುರಾವೆ’ ಅಂತ ತೋರಿಸುವವರನ್ನು ಕಂಡರೆ ನನಗೆ ಅದಕ್ಕೇ ನಗು ಬರುತ್ತದೆ.

ನಿಜವಾದ ಬೆಳ್ಳಿ ಕಲಿಲ ಹೇಗಿರುತ್ತದೆ ಅಂತ ಕೇಳಬಹುದು. ಬಣ್ಣ ಇರುತ್ತದೆ. ಕೆಲವೇ ನ್ಯಾನೊಮೀಟರಿನಿಂದ ಹತ್ತಾರು ನ್ಯಾನೊಮೀಟರ್ ಗಾತ್ರದ ಬೆಳ್ಳಿ ಕಣದೊಳಗಿನ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗುತ್ತವೆ. ಸುಮಾರು 400 ನ್ಯಾನೊಮೀಟರ್ ತರಂಗದ ನೇರಳೆ ಬೆಳಕನ್ನು ನುಂಗಿಬಿಡುತ್ತವೆ, ಉಳಿದದ್ದು ನಮ್ಮ ಕಣ್ಣಿಗೆ ಹಳದಿ. ಈ ಹೀರಿಕೆ ಎಷ್ಟು ಜೋರೆಂದರೆ ಕೆಲವೇ ಪಿಪಿಎಂ ಕಣ ಇದ್ದರೂ ನೀರು ಹಳದಿ ಕಾಣುತ್ತದೆ. 1889ರಲ್ಲಿ ಕ್ಯಾರಿ ಲೀ ಎಂಬಾತ ಕಬ್ಬಿಣದ ಲವಣ ಮತ್ತು ಸಿಟ್ರೇಟ್ ಬಳಸಿ ಬೆಳ್ಳಿಯ ಕಲಿಲ ಮಾಡಿದ. ಸಿಟ್ರೇಟ್ ಕಣದ ಮೈಗೆ ಅಂಟಿ, ಎಲ್ಲ ಕಣಕ್ಕೂ ಮೈನಸ್ ಅಂಗಿ ತೊಡಿಸಿ, ಒಂದನ್ನೊಂದು ದೂರ ತಳ್ಳುತ್ತದೆ. ಅದಕ್ಕೇ ಅವು ಗುಂಪುಗಟ್ಟದೆ ತೇಲುತ್ತವೆ. ಬರೀ ನೀರಿನಲ್ಲಿ ಆ ರಕ್ಷಣೆ ಕಡಿಮೆ. ನಿಮ್ಮ ನೀರಿನಲ್ಲೂ ಒಂದಷ್ಟು ಕಣ ಇದ್ದೇ ಇರುತ್ತದೆ, ಆದರೆ ಬಣ್ಣವೇ ಇಲ್ಲವೆಂದರೆ ಕಣದ ಪಾಲು ತೀರಾ ಚಿಕ್ಕದು. ಕೊಲಾಯ್ಡಲ್ ಅನ್ನುವುದು ಇಲ್ಲಿ ಹೆಸರಿಗೆ ಮಾತ್ರ.

ಟಿಡಿಎಸ್ ಮೀಟರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಇದನ್ನು ಮಾಡುವವರೆಲ್ಲ ಅದನ್ನೇ ಅದ್ದಿ ‘12 ಪಿಪಿಎಂ ಬಂತು’ ಅನ್ನುತ್ತಾರೆ. ಆ ಮೀಟರಿಗೆ ಬೆಳ್ಳಿ ಗೊತ್ತಿಲ್ಲ. ಅದು ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಅಡುಗೆ ಉಪ್ಪಿನಂಥ ಲವಣ ಅಂದುಕೊಂಡು ಒಂದು ಸಂಖ್ಯೆ ತೋರಿಸುತ್ತದೆ. ಲೋಹದ ಕಣಗಳು ಅದಕ್ಕೆ ಬಹುಪಾಲು ಕಾಣುವುದೇ ಇಲ್ಲ. ಅದಕ್ಕಿಂತ ತಮಾಷೆ ಇನ್ನೊಂದಿದೆ. ಹೈಡ್ರಾಕ್ಸೈಡ್ ನೀರಿನಲ್ಲಿ ಮಿಂಚಿನಂತೆ ಓಡುವ ಅಯಾನು, ಬೈಕಾರ್ಬೊನೇಟ್ ಆಮೆ. 10 ಪಿಪಿಎಂ ಬೆಳ್ಳಿಗೆ ಹೈಡ್ರಾಕ್ಸೈಡ್ ಜೊತೆಯಿದ್ದರೆ ವಾಹಕತೆ ಸುಮಾರು 24 ಮೈಕ್ರೋಸೀಮೆನ್ಸ್, ಅದೇ ಬೆಳ್ಳಿಗೆ ಬೈಕಾರ್ಬೊನೇಟ್ ಜೊತೆಯಾದರೆ ಸುಮಾರು 10. ನಿಮ್ಮ ಬಾಟಲಿ ನಾಲ್ಕು ದಿನದಲ್ಲಿ ‘ದುರ್ಬಲ’ ಆದಂತೆ ಮೀಟರ್ ತೋರಿಸಿದರೆ ಬೆಳ್ಳಿ ಎಲ್ಲೂ ಹೋಗಿರಲಿಕ್ಕಿಲ್ಲ, ಗಾಳಿ ಬಂದು ಜೊತೆಗಾರನನ್ನು ಬದಲಿಸಿರಬಹುದು. ಬೆಳ್ಳಿಯ ಖರೆ ಲೆಕ್ಕ ಬೇಕಿದ್ದರೆ ಪ್ರಯೋಗಾಲಯದ ಅಟಾಮಿಕ್ ಅಬ್ಸಾರ್ಪ್ಶನ್ ಅಥವಾ ಐಸಿಪಿ ಯಂತ್ರವೇ ಗತಿ. ಒಂದಿಷ್ಟು ಬೆಳ್ಳಿ ಗಾಜಿನ ಗೋಡೆಗೂ ಅಂಟಿ ಕೂರುತ್ತದೆ, ಅದು ಬೇರೆ ತಲೆನೋವು.

ಕಣ ಮತ್ತು ಅಯಾನು ಎರಡು ಬೇರೆ ಬೇರೆ ಮನೆಗಳೂ ಅಲ್ಲ, ನಡುವೆ ಬಾಗಿಲು ತೆರೆದೇ ಇರುತ್ತದೆ. ನೀರಿನಲ್ಲಿ ಆಕ್ಸಿಜನ್ ಇದ್ದರೆ ಬೆಳ್ಳಿ ಕಣದ ಮೇಲ್ಮೈ ನಿಧಾನವಾಗಿ ಆಕ್ಸೈಡಾಗಿ, ಅಯಾನಾಗಿ ನೀರಿಗೆ ಸೋರುತ್ತದೆ. ಉಲ್ಟಾ ದಾರಿಯೂ ಉಂಟು: ಸಕ್ಕರೆಯಂಥ ಜೈವಿಕ ಪದಾರ್ಥದ ಸೋಂಕು ತಾಗಿದರೆ, ಬೆಳಕು ಬಿದ್ದರೆ, ಅಯಾನು ಎಲೆಕ್ಟ್ರಾನ್ ಪಡೆದು ಲೋಹವಾಗಿ ನೀರು ಹಳದಿಗೆ ತಿರುಗುತ್ತದೆ. 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಒಂದು ಜಾಣ ಪ್ರಯೋಗ ಮಾಡಿದರು. ಆಕ್ಸಿಜನ್ ಇಲ್ಲದ ಕಡೆ ಬ್ಯಾಕ್ಟೀರಿಯಾಗಳಿಗೆ ಬೆಳ್ಳಿಯ ನ್ಯಾನೊ ಕಣ ಕೊಟ್ಟರು. ಕಣ ಅಯಾನು ಬಿಡಲಾಗದೆ ಹೋದಾಗ ಬ್ಯಾಕ್ಟೀರಿಯಾಗಳಿಗೆ ಏನೂ ಆಗಲಿಲ್ಲ. ಕೊಲ್ಲುವುದು ಅಯಾನು, ಕಣ ಅದರ ಉಗ್ರಾಣ ಅಷ್ಟೇ. ‘ನಮ್ಮದು ಅಯಾನಲ್ಲ, ಅಪ್ಪಟ ಕಣ, ಅದಕ್ಕೇ ಶಕ್ತಿ ಜಾಸ್ತಿ’ ಅನ್ನುವ ಮಾರಾಟದ ಮಾತನ್ನು ಇದರ ಪಕ್ಕ ಇಟ್ಟು ನೋಡಿ.

ಹಳದಿ ಬಂದರೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ತಿಳಿ ಮಾಡುವವರಿದ್ದಾರೆ. ಅದು ಕಣವನ್ನು ಕರಗಿಸಿ ಅಯಾನು ಮಾಡುತ್ತದೆ, ಅಂದರೆ ಇದ್ದಬದ್ದ ಕಲಿಲವನ್ನೂ ಕಳೆಯುತ್ತದೆ. ಪಿಎಚ್ ಹೆಚ್ಚಿದ್ದರೆ ಅದೇ ಪೆರಾಕ್ಸೈಡ್ ತಿರುಗಿ ನಿಂತು ಸಿಲ್ವರ್ ಆಕ್ಸೈಡನ್ನು ಲೋಹ ಮಾಡುತ್ತದೆ. ಎರಡು ದೋಣಿಯಲ್ಲಿ ಕಾಲಿಡುವ ರಾಸಾಯನಿಕ ಅದು.

ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಓದಿಕೊಳ್ಳಿ. ತಂತಿಯ ಮೇಲಿನ ಕಪ್ಪನ್ನು ತೆಗೆಯಲು ಅಮೋನಿಯಾ ಬಳಸಬೇಡಿ. ಸಿಲ್ವರ್ ಆಕ್ಸೈಡ್ ಅಮೋನಿಯಾದಲ್ಲಿ ಚೆನ್ನಾಗಿಯೇ ಕರಗುತ್ತದೆ, ಆದರೆ ಆ ದ್ರಾವಣವನ್ನು ಇಟ್ಟುಬಿಟ್ಟರೆ, ಒಣಗಲು ಬಿಟ್ಟರೆ, ಮುಟ್ಟಿದರೆ ಸಿಡಿಯುವ ಕಪ್ಪು ಪುಡಿ ಹುಟ್ಟಬಹುದು. ಒರೆಸಿ ತೆಗೆಯಿರಿ, ಸಾಕು.

ಕೊನೆಗೆ, ಕುಡಿಯಬಹುದೇ? ನನ್ನ ಉತ್ತರ ಬೇಡ. ಹೊಟ್ಟೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಕಾದು ಕೂತಿದೆ, ಅಂದರೆ ಕ್ಲೋರೈಡಿನ ಕೆರೆ. ನೀವು ಲೋಟದಲ್ಲಿ ಮಾಡಿದ ಉಪ್ಪಿನ ಪ್ರಯೋಗವೇ ಅಲ್ಲಿ ನಡೆಯುತ್ತದೆ. ಒಂಟಿ ಅಯಾನಾಗಿ ಉಳಿಯುವ ಬೆಳ್ಳಿ ನಗಣ್ಯ. ಹೀರಲ್ಪಟ್ಟ ಚೂರುಪಾರು ಬೆಳ್ಳಿ ಪ್ರೋಟೀನುಗಳ ಗಂಧಕಕ್ಕೆ ಅಂಟಿಕೊಂಡು ದೇಹವೆಲ್ಲ ಸುತ್ತುತ್ತದೆ. ಚರ್ಮಕ್ಕೆ ಬಂದಾಗ ಬಿಸಿಲು ಅದನ್ನು ಲೋಹ ಮಾಡುತ್ತದೆ, ಆಮೇಲೆ ಅದು ಸಲ್ಫೈಡು, ಸೆಲೆನೈಡು ಆಗಿ ಅಲ್ಲೇ ನೆಲೆಯೂರುತ್ತದೆ. ಚರ್ಮ ನೀಲಿ-ಬೂದಾಗುವ ಆರ್ಜಿರಿಯಾ ಅಂದರೆ ಇದೇ, ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂವರೆಗೆ ಬೆಳ್ಳಿ ಇದ್ದರೆ ಸಹಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮದು 10 ಪಿಪಿಎಂ ಆದರೆ ಅದರ ನೂರು ಪಟ್ಟು. ಕೊಲಾಯ್ಡಲ್ ಸಿಲ್ವರ್ ಇರುವ, ಡಾಕ್ಟರ ಚೀಟಿ ಇಲ್ಲದೆ ಸಿಗುವ ಯಾವ ಔಷಧಿಯನ್ನೂ ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪಲಾಗದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ತೀರ್ಪು ಕೊಟ್ಟಿದೆ. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನ ಕಥೆ ಬೇರೆ, ಅದು ಮೈಮೇಲೆ, ಡಾಕ್ಟರ ಕಣ್ಗಾವಲಿನಲ್ಲಿ.

ಮಾಡಿಟ್ಟದ್ದನ್ನು ಹಾಗೇ ಚರಂಡಿಗೆ ಸುರಿಯಬೇಡಿ, ಮೀನುಗಳಿಗೆ ಬೆಳ್ಳಿ ಅಯಾನು ವಿಷ. ಒಂದೆರಡು ಚಿಟಿಕೆ ಉಪ್ಪು ಹಾಕಿ, ಕತ್ತಲಲ್ಲಿ ಎರಡು ದಿನ ಬಿಡಿ. ಬಿಳಿ ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿ. ಉಳಿದ ಗಸಿ ಸಿಲ್ವರ್ ಕ್ಲೋರೈಡ್, ಮತ್ತು ಈ ಸಲ ಆ ಹೆಸರನ್ನು ಧೈರ್ಯವಾಗಿ ಚೀಟಿಯ ಮೇಲೆ ಬರೆದು ಅಂಟಿಸಬಹುದು.